ಪೈಲಟ್ ಆಗಲು ಅತ್ಯುತ್ತಮ ಮಾರ್ಗ

ನಾನು ಪೈಲಟ್ ಆಗುತ್ತೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೇಗೆ ಆಗುವುದು ಎಂಬುದರಲ್ಲಿ ಮಾತ್ರ ಕೊಂಚ ಗೊಂದಲವಿತ್ತು.

ಇದು ಎಂಬತ್ತರ ದಶಕದ ಮಾತು. ಆಗ ನಾವು ಅಮೆರಿಕಾದ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ಇಳಿಯುವ ವಿಮಾನಗಳೆಲ್ಲ ನಮ್ಮ ಬಾಲ್ಕನಿಯ ಕಡೆಯಿಂದಲೇ ಹೋಗುತ್ತಿದ್ದವು. ಆ ಸದ್ದಿಗೆ ಮನೆ ಬದಲಿಸೋಣ ಎನ್ನುತ್ತಿದ್ದಳು ಹೆಂಡತಿ ಶೈಲಜಾ. ಆ ಸದ್ದಿಗಾಗಿಯೇ ನಾನು ಆ ಮನೆ ಹಿಡಿದಿದ್ದೆ! ಚಿಕ್ಕವನಿದ್ದಾಗ ಧಾರವಾಡದ ನಮ್ಮ ಮಾಳಿಗೆಯ ಮೇಲೆ ನಿಂತು ಮೊದಲ ವಿಮಾನ ನೋಡಿದಂದಿನಿಂದ ನನಗಿದ್ದದ್ದು ಅದೊಂದೇ ಆಸೆ. ಎಂಜಿನಿಯರ್ ಆದದ್ದು ಅಪ್ಪನ ಆಸೆ.

ಜನವರಿಯ ಒಂದು ದಿನ ಆಫೀಸಿನ ರಾನ್ ಹೊಸ ಸುದ್ದಿ ಹೇಳಿದ. ಅವನು ಹಿಂದೆ ನೌಕಾಸೇನೆಯಲ್ಲಿದ್ದವನು. ಇಲ್ಲಿ ಮೀಸಲು ಸೈನ್ಯ ಎಂದೊಂದು ಇದೆಯಂತೆ. ಮೊದಲು ಒಂದಷ್ಟು ಕಾಲ ಪೂರ್ತಿ ತರಬೇತಿ, ಆಮೇಲೆ ಐದು ದಿನ ನಮ್ಮ ಆಫೀಸು, ತಿಂಗಳಿಗೊಂದು ವಾರಾಂತ್ಯ ಅವರ ವಿಮಾನ. ಡಿಗ್ರಿ ಬೇಕು, ಇತ್ತು. ಕಣ್ಣು ನೆಟ್ಟಗಿರಬೇಕು, ಇದ್ದವು. ಪೌರತ್ವ ಬೇಕು. ಶೈಲಜಾ ಹತ್ತನೆಯ ವಯಸ್ಸಿಗೇ ಅಪ್ಪ ಅಮ್ಮನ ಜೊತೆ ಬೆಂಗಳೂರಿನಿಂದ ಇಲ್ಲಿಗೆ ಬಂದವಳು, ಅವಳನ್ನು ಮದುವೆಯಾದ ಪುಣ್ಯದಿಂದ ಅದೂ ಸಿಕ್ಕು ಎರಡು ತಿಂಗಳಾಗಿತ್ತು. ಕೊನೆಯ ಷರತ್ತು, ಅರ್ಜಿ ಕೊಡುವ ದಿನ ಮೂವತ್ತು ತುಂಬಿರಬಾರದು. ಹಿಂದಿನ ನರಕ ಚತುರ್ದಶಿಗೆ ನನಗೆ ಇಪ್ಪತ್ತೆಂಟು ತುಂಬಿತ್ತು. ಹೆಚ್ಚು ಕಡಿಮೆ ಎರಡು ವರ್ಷ ಕೈಯಲ್ಲಿತ್ತು!

ಎರಡು ವರ್ಷವಿರುವಾಗ ಮನುಷ್ಯ ಅವಸರ ಮಾಡಬಾರದು. ಕೂಲಂಕಷವಾಗಿ ವಿಚಾರ ಮಾಡಬೇಕು. ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು ‘ಪೈಲಟ್ ಆಗಲು ಅತ್ಯುತ್ತಮ ಮಾರ್ಗ’ ಎಂದು ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮಾರ್ಗಗಳು ನಾಲ್ಕಿದ್ದವು. ವಾಯುಸೇನೆ, ನೌಕಾಸೇನೆ, ಭೂಸೇನೆಯ ಹೆಲಿಕಾಪ್ಟರು, ಮತ್ತೆ ರಾಜ್ಯದವರೇ ಇಟ್ಟುಕೊಂಡಿರುವ ಸೇನೆ. ಯಾವುದು ಒಳ್ಳೆಯದು?

ರಾನ್ ನೌಕಾಸೇನೆ ಎಂದ. ಅವನ ಮಾತು ಕೇಳಿ ಖುಷಿಯಾಗಿ, ವಾರದ ಕೊನೆಗೆ ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಕನ್ನಡದವರ ಪಾಟ್‌ಲಕ್ಕಿನಲ್ಲಿ ಡಾಕ್ಟರ್ ಮೂರ್ತಿಗಳಿಗೆ ಹೇಳಿದೆ. ಮೂರ್ತಿಗಳು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಇಲಿಗಳಿಗೆ ಇಂಜೆಕ್ಷನ್ ಕೊಡುವವರು. ವಿಮಾನದಲ್ಲಿ ಕಿಟಕಿ ಪಕ್ಕ ಕೂತಿದ್ದಷ್ಟೇ ಅವರ ವೈಮಾನಿಕ ಅನುಭವ.

“ನೇವಿನಾ? ತಲೆ ನೆಟ್ಟಗಿದೆಯೇನ್ರೀ?” ಎಂದರು ಮೂರ್ತಿಗಳು ಪುಳಿಯೋಗರೆ ಕಲಸುತ್ತ. “ಹಡಗಿನ ಮೇಲೆ ಇಳಿಸ್ಬೇಕಂತೆ. ಅದು ಅಲ್ಲಾಡ್ತಾ ಇರುತ್ತೆ! ಗ್ರೋಸರಿ ಅಂಗಡಿ ಪಾರ್ಕಿಂಗಲ್ಲೇ ಎರಡು ಗೆರೆ ಮಧ್ಯೆ ಕಾರ್ ನಿಲ್ಸೋಕೆ ಬರಲ್ಲ ನಿಮಗೆ. ಸುಮ್ನೆ ರಾಜ್ಯದ್ದು ಹಿಡೀರಿ.”

ನಾನು ಮನೆಗೆ ಬಂದು ಅಂಕಪಟ್ಟಿ ಹಾಕಿದೆ. ವಿಮಾನದ ವೇಗಕ್ಕೆ ಇಪ್ಪತ್ತು ಅಂಕ, ಮನೆಯಿಂದ ಅವರ ನೆಲೆಗೆ ಹೋಗಲು ಫ್ರೀವೇ ಟ್ರಾಫಿಕ್ಕು ಎಷ್ಟು ಎಂಬುದಕ್ಕೆ ಹತ್ತು, ಸಸ್ಯಾಹಾರ ಸಿಗುವ ಸಂಭವಕ್ಕೆ ಹದಿನೈದು. ಜನವರಿಯಲ್ಲಿ ವಾಯುಸೇನೆ ಗೆದ್ದಿತು. ಫೆಬ್ರವರಿಯಲ್ಲಿ ಸಮವಸ್ತ್ರಕ್ಕೂ ಅಂಕ ಸೇರಿಸಿದ್ದರಿಂದ ನೌಕಾಸೇನೆ ಮುಂದೆ ಬಂತು. ಮಾರ್ಚಿನಲ್ಲಿ ಹೆಲಿಕಾಪ್ಟರಿಗೆ ರನ್‌ವೇ ಬೇಡ ಎಂಬುದು ಹೊಳೆದು ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದೆ. ಏಪ್ರಿಲಿನಲ್ಲಿ ನಾಲ್ಕಕ್ಕೂ ಸಮ ಸಮ ಅಂಕ ಬಂದು ನನಗೇ ತಲೆ ಸುತ್ತಿತು.

“ಯಾವ್ದಾದ್ರೂ ಒಂದಕ್ಕೆ ಫೋನ್ ಮಾಡಿ ಕೇಳಬಾರ್ದಾ?” ಎಂದಳು ಶೈಲಜಾ. “ಇಟ್ಸ್ ಜಸ್ಟ್ ಎ ಫೋನ್ ಕಾಲ್!”

“ತಯಾರಿ ಇಲ್ಲದೆ ಫೋನ್ ಮಾಡಿದ್ರೆ ಅವರು ಏನು ತಿಳ್ಕೊಂಡಾರು?” ಎಂದೆ.

ಮೇ ತಿಂಗಳ ಮೊದಲಲ್ಲಿ ಬೇಸತ್ತು ಅವಳೇ ವಾಯುಸೇನೆಯವರ ಭರ್ತಿ ಕಚೇರಿಗೆ ಫೋನ್ ಮಾಡಿ ಇಪ್ಪತ್ತನೇ ತಾರೀಖಿಗೆ ಅಪಾಯಿಂಟ್‌ಮೆಂಟು ತೆಗೆದುಕೊಂಡಳು. ಎರಡು ನಿಮಿಷದ ಕೆಲಸ. ನನಗೆ ಸ್ವಲ್ಪ ಅವಮಾನವೇ ಆಯಿತು.

ಅದೇ ವಾರ ಧಾರವಾಡದಿಂದ ಅಪ್ಪ ಆರು ತಿಂಗಳಿಗೆಂದು ಬಂದಿಳಿದರು. ಅಪ್ಪ ಪ್ರೈಮರಿ ಶಾಲೆಯ ಹೆಡ್ ಮಾಸ್ತರಾಗಿ ನಿವೃತ್ತರಾದವರು. ವಿಷಯ ಕೇಳಿದವರೇ ಸೂಟ್‌ಕೇಸಿನಿಂದ ಪಂಚಾಂಗ ತೆಗೆದರು.

“ಇಪ್ಪತ್ತಕ್ಕ ಹೋಗ್ತೀಯೇನು? ಅಧಿಕ ಜ್ಯೇಷ್ಠ ಅದಲ್ಲೋ ಮಾರಾಯಾ! ಅಧಿಕ ಮಾಸದಾಗ ಹೊಸಾ ಕೆಲಸಾ ಯಾರರ ಸುರು ಮಾಡ್ತಾರೇನು?”

“ಅಪ್ಪಾ, ಇದು ಅಮೆರಿಕಾ.”

“ಅಮೆರಿಕಾದಾಗ ಚಂದ್ರ ಬ್ಯಾರೆ ಇದ್ದಾನೇನು? ಮೂವತ್ತು ತುಂಬಲಿಕ್ಕೆ ಇನ್ನೂ ಒಂದೂವರಿ ವರ್ಷ ಅದ ಅಂತೀ. ಒಂದು ತಿಂಗಳಿಗೆ ಏನಾಗತದ?”

ಏನೂ ಆಗುವುದಿಲ್ಲ ಎಂದು ನನಗೂ ಅನಿಸಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಸಂತೋಷವಾಯಿತು. ಹೆಲಿಕಾಪ್ಟರಿನ ಬಗ್ಗೆ ಇನ್ನೊಮ್ಮೆ ಯೋಚಿಸಲು ಸಮಯ ಸಿಕ್ಕಿತು. ಅಪಾಯಿಂಟ್‌ಮೆಂಟನ್ನು ಜೂನ್ ಇಪ್ಪತ್ತೆರಡಕ್ಕೆ ಮುಂದೂಡಿದೆವು.

ನಡುವೆ ಆಫೀಸಿನಲ್ಲಿ ಒಂದು ದಿನ ಎಲ್ಲರೂ ಸೇರಿ ಕೇಕು ತಂದು, ಟೋಪಿ ತೊಡಿಸಿ, ಹಾಡು ಹೇಳಿದರು. ಅವರು ಪ್ರತಿ ವರ್ಷವೂ ಹಾಗೆ ಮಾಡುತ್ತಿದ್ದರು. ಕೇಕಿನ ಮೇಲೆ ಏನೋ ಅಂಕಿಯೂ ಇತ್ತು. ರಾನ್ ನನ್ನ ಬೆನ್ನು ತಟ್ಟಿ, “ಹೇಗನ್ನಿಸುತ್ತಿದೆ?” ಎಂದು ಕೇಳಿದ. ಕ್ರೀಮು ತುಸು ಸಿಹಿ ಹೆಚ್ಚಾಯಿತು ಎಂದು ಹೇಳಿ ಎರಡು ತುಂಡು ತಿಂದೆ.

ಜೂನ್ ಇಪ್ಪತ್ತೆರಡು. ಕೋಟು ಹಾಕಿ, ಅಪ್ಪನಿಗೆ ನಮಸ್ಕಾರ ಮಾಡಿ, ಮೊಸರು ಸಕ್ಕರೆ ತಿಂದು ಹೊರಟೆ. ಭರ್ತಿ ಕಚೇರಿಯ ಸಾರ್ಜೆಂಟ್ ಎದ್ದು ನಿಂತು ಕೈ ಕುಲುಕಿದ. ನನ್ನ ನೋಟ್‌ಬುಕ್ ತಿರುವಿ ನೋಡಿ, ಇಷ್ಟು ತಯಾರಾಗಿ ಬಂದವರನ್ನು ಇವತ್ತಿನವರೆಗೆ ನೋಡಿಲ್ಲ ಎಂದ. ನನ್ನ ಎದೆ ಉಬ್ಬಿತು. ಅರ್ಜಿ ತುಂಬಿ ಕೊಟ್ಟೆ. ಅವನು ಓದಿ, ಗೋಡೆಯ ಕ್ಯಾಲೆಂಡರ್ ನೋಡಿ, ಮತ್ತೆ ಅರ್ಜಿ ನೋಡಿದ.

“ಮೂರು ವಾರ ತಡವಾಗಿ ಬಂದಿದ್ದೀರಿ ಸರ್,” ಎಂದ. “ನಿಮಗೆ ಮೂವತ್ತು ತುಂಬಿದೆ.”

ಹುಟ್ಟಿದ ದಿನಾಂಕದ ಜಾಗದಲ್ಲಿ ನನ್ನ ಕೈ ತನ್ನಷ್ಟಕ್ಕೆ ತಾನೇ ಜೂನ್ ಒಂದು ಎಂದು ಬರೆದಿತ್ತು! ಶಾಲೆಗೆ ಸೇರಿಸುವಾಗ ಬರೆಸಿದ ದಿನಾಂಕ ಅದು. ನಮ್ಮ ಕಡೆ ನನ್ನ ಕಾಲದ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಎಸ್ಸೆಸ್ಸೆಲ್ಸಿಯಿಂದ ಪೌರತ್ವದ ಪತ್ರದವರೆಗೆ ಎಲ್ಲ ಕಾಗದಗಳಲ್ಲೂ ನಾನು ನಿಜಕ್ಕಿಂತ ಒಂದೂವರೆ ವರ್ಷ ದೊಡ್ಡವನು. ಅದು ಸರ್ಕಾರದ ಜೂನ್ ಒಂದು, ನನಗೆ ಸೇರಿದ್ದಲ್ಲ ಎಂಬ ಭಾವನೆಯಲ್ಲಿ ಇಷ್ಟು ವರ್ಷ ಬದುಕಿಬಿಟ್ಟಿದ್ದೆ. ಆಫೀಸಿನ ಕೇಕಿನ ಮೇಲಿದ್ದ ಅಂಕಿ ಮೂವತ್ತು ಎಂಬುದು ಆಗ ನೆನಪಾಯಿತು.

“ಅದು ಕಾಗದದ ಹುಟ್ಟುಹಬ್ಬ,” ಎಂದು ತೊದಲಿದೆ. “ನಾನು ನಿಜವಾಗಿ ಹುಟ್ಟಿದ್ದು ದೀಪಾವಳಿಯಲ್ಲಿ.”

“ಅದು ಯಾವ ತಾರೀಖಿಗೆ ಬರುತ್ತದೆ?”

“ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ.”

ಸಾರ್ಜೆಂಟ್ ಪೆನ್ನು ಕೆಳಗಿಟ್ಟ. “ಹಾಗಾದರೆ ಈ ದಿನಾಂಕ ಸುಳ್ಳೇ?”

“ಇಲ್ಲ ಇಲ್ಲ, ನಿಜವೇ! ಆದರೆ ಆ ದಿನ ನಾನು ಇನ್ನೂ ಹುಟ್ಟಿರಲಿಲ್ಲ.”

ಅವನು ನನಗೆ ಒಂದು ಲೋಟ ನೀರು ತಂದುಕೊಟ್ಟ. ಮೇ ಇಪ್ಪತ್ತಕ್ಕೆ ಬಂದಿದ್ದರೆ ಅರ್ಜಿ ತೆಗೆದುಕೊಳ್ಳುತ್ತಿದ್ದೆ ಎಂದೂ, ಅಡುಗೆಯ ವಿಭಾಗಕ್ಕಾದರೆ ಈಗಲೂ ವಯಸ್ಸಿದೆ ಎಂದೂ ಬಹಳ ಮರ್ಯಾದೆಯಿಂದ ಹೇಳಿದ. ಹೊರಗೆ ಬಂದು ಕಾರಿನಲ್ಲಿ ಕೂತೆ. ನಗುವ ವಿಷಯವಲ್ಲ, ನಿಜವಾಗಿಯೂ ಅತ್ತುಬಿಟ್ಟೆ.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿ ಪಂಚಾಂಗವನ್ನು ಮತ್ತೆ ಸೂಟ್‌ಕೇಸಿನೊಳಗೆ ಇಟ್ಟರು.

“ಆ ಜೂನ್ ಒಂದು ಬರದಾಂವ ನಾನs,” ಎಂದರು. “ಮನ್ಯಾಗ ನಿನ್ನ ಕಾಟ ತಡಕೋಳಿಕ್ಕೆ ಆಗವಲ್ಲದಾಗಿತ್ತು. ದೌಡ ಸಾಲಿಗೆ ಹಾಕೂಣಂತ ಒಂದೂವರಿ ವರ್ಷ ಹೆಚ್ಚಿಗಿ ಬರದೆ. ನೀ ಮುಂದ ವಿಮಾನ ಹಾರಸ್ತೀನಂತ ಕೂಡ್ತಿ ಅಂತ ನನಗೇನು ಕನಸು ಬಿದ್ದಿತ್ತೇನೋ?”

ಅಧಿಕ ಮಾಸದ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಮರುದಿನ ನಾನು ಆಫೀಸಿನಿಂದ ಬಂದಾಗ ಅಪ್ಪನ ಮುಖ ಅರಳಿತ್ತು.

“ಚಿಂತಿ ಬಿಡು. ಎಲ್ಲಾ ನೆಟ್ಟಗ ಮಾಡೇನಿ. ಆ ಸಾರ್ಜೆಂಟಗ ಇಂಗ್ಲೀಷಿನ್ಯಾಗ ಪತ್ರಾ ಬರದು ಟಪಾಲಿಗೆ ಹಾಕಿ ಬಂದೆ. ನನ್ನ ಮಗನ ಜನ್ಮ ತಾರೀಖು ಶುದ್ಧ ಸುಳ್ಳು, ಅದನ್ನ ಬರದಾಂವ ನಾನs ಅಂತ ಸಹಿ ಮಾಡೇನಿ. ಪಾಸ್‌ಪೋರ್ಟಿನ್ಯಾಗೂ ಸುಳ್ಳs ಅದ ಅಂತನೂ ಬರದೇನಿ.”

ಶೈಲಜಾಳ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. “ಅಯ್ಯೋ ಮಾವ! ಇವ್ರ ಸಿಟಿಜನ್‌ಶಿಪ್ ಪೇಪರಲ್ಲೂ ಅದೇ ಡೇಟ್ ಇದೆ! ಮೇಲೆ ಹಾರೋದು ಹಾಳಾಗ್ಲಿ, ಈಗ ನಿಂತಿರೋ ನೆಲ ಬಿಟ್ಟು ಓಡಿಸ್ತಾರೆ!”

ನಾನು ಅಂಚೆಪೆಟ್ಟಿಗೆಗೆ ಓಡಿದೆ. ಅದನ್ನು ಆಗಲೇ ಖಾಲಿ ಮಾಡಿಕೊಂಡು ಹೋಗಿದ್ದರು. ಮೂರು ದಿನ ಬಾಗಿಲು ತಟ್ಟಿದರೆ ನಾನು ಬಚ್ಚಲಲ್ಲಿ ಅಡಗುತ್ತಿದ್ದೆ. ನಾಲ್ಕನೆಯ ದಿನ ಆ ಪತ್ರ ನಮ್ಮ ಮನೆಗೇ ವಾಪಸು ಬಂತು. ಅಪ್ಪ ಅದಕ್ಕೆ ಧಾರವಾಡದಿಂದ ತಂದಿದ್ದ ಅಂಚೆಚೀಟಿ ಅಂಟಿಸಿದ್ದರು! ಆ ಚೀಟಿಯನ್ನು ಬಿಡಿಸಿ ಇವತ್ತಿಗೂ ದೇವರ ಪಟದ ಹಿಂದೆ ಇಟ್ಟಿದ್ದೇನೆ.

ನವೆಂಬರಿನಲ್ಲಿ ನರಕ ಚತುರ್ದಶಿ ಬಂತು. ಬೆಳಗಿನ ಜಾವ ಅಪ್ಪ ಎಬ್ಬಿಸಿದರು. ಶೈಲಜಾ ನಡುಮನೆಯಲ್ಲಿ ರಂಗೋಲಿ ಹಾಕಿ, ಮಣೆಯಿಟ್ಟು, ನನ್ನನ್ನು ಕೂರಿಸಿ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿದಳು. ಅಪ್ಪ ಅಕ್ಷತೆ ಹಾಕಿ ತಲೆ ನೇವರಿಸಿದರು.

“ಇವತ್ತಿಗೆ ನಿನಗ ಇಪ್ಪತ್ತೊಂಬತ್ತು ತುಂಬಿತು,” ಎಂದರು. “ಖರೇ ಅಂದ್ರ ಇನ್ನೂ ಒಂದು ವರ್ಷ ಅದ ನೋಡು.”

ಅಷ್ಟರಲ್ಲಿ ದಿನದ ಮೊದಲ ವಿಮಾನದ ಸದ್ದಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಬಾಲ್ಕನಿಗೆ ಓಡಲು ದಡಬಡಿಸಿ ಎದ್ದೆ. ಅಂಗಾಲಿನಲ್ಲಿ ಎಣ್ಣೆ! ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟವು. ಗಾಳಿಯಲ್ಲಿದ್ದದ್ದು ಅರೆಗಳಿಗೆಯಾದರೂ ಹಾರಿದ್ದು ಸುಳ್ಳಲ್ಲ, ಅದಕ್ಕೆ ಅಪ್ಪನೂ ಶೈಲಜಾಳೂ ಸಾಕ್ಷಿ. ಇಳಿಯುವ ವಿಷಯದಲ್ಲಿ ಮಾತ್ರ ಡಾಕ್ಟರ್ ಮೂರ್ತಿಗಳ ಮಾತೇ ನಿಜವಾಯಿತು. ಅಷ್ಟು ದೊಡ್ಡ ರಂಗೋಲಿಯಲ್ಲಿ ಎರಡು ಗೆರೆಗಳ ಮಧ್ಯೆ ಇಳಿಯಲು ನನ್ನಿಂದಾಗಲಿಲ್ಲ.