ಕಟ್ ಹೇಳಿದ್ದು ಯಾರು?

“ಫ್ಲೈಓವರ್ ಹತ್ತಿದ್ರಾ?”

“ಹತ್ತಿದೆ.”

“ಹಾಗಾದ್ರೆ ಮುಗೀತು,” ಎಂದರು ರಿಕ್ಷಾದವರು, ಡಾಕ್ಟರು ಎಕ್ಸ್‌ರೇ ನೋಡಿ ಹೇಳುವ ಹಾಗೆ.

ನಾನು ಹೋಗಬೇಕಾಗಿದ್ದದ್ದು ಪಂಪ್‌ವೆಲ್ ಫ್ಲೈಓವರಿನ ಅಡಿಯ ಒಂದು ಮೀನೂಟದ ಹೋಟೆಲಿಗೆ. ಮೊದಲು ಅಡಿಯಿಂದ ಹೋಗಿ, ತಪ್ಪು ರಸ್ತೆ ಹಿಡಿದು ಪಡೀಲ್ ಮುಟ್ಟಿ ಬಂದೆ. ಆಮೇಲೆ ಮೇಲಿಂದ ಹೋಗಿ ನೇತ್ರಾವತಿ ಸೇತುವೆಯ ಹತ್ತಿರ ಸ್ಕೂಟರ್ ನಿಲ್ಲಿಸಿ ಈ ರಿಕ್ಷಾದವರನ್ನು ದಾರಿ ಕೇಳಿದೆ.

“ಮೇಡಂ ಹೊರಗಿನವರಾ?”

“ಅಲ್ಲ, ಇಲ್ಲಿಯವಳೇ.”

“ಛೆ! ಹೊರಗಿನವರಾದ್ರೆ ಕೇಳಿಕೊಂಡಾದ್ರೂ ಹೋಗ್ತಿದ್ರಿ.”

ಇಸ್ತಾಂಬುಲ್‌ನ ಗಲ್ಲಿಗಳಲ್ಲೂ ಹನೋಯಿಯ ಸಂತೆಯಲ್ಲೂ ದಾರಿ ತಪ್ಪದವಳು ನಾನು, ಹುಟ್ಟಿದೂರಿನಲ್ಲಿ ಫ್ಲೈಓವರಿನ ಒಂದು ಕಂಬ ಸುತ್ತಲಾರದೆ ಹೋದೆ. ಈಗ ಇಲ್ಲಿ ಸಿನಿಮಾ ಕಲಿಸುತ್ತೇನೆ. ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ನಿಜವಾದ ಗಿರಾಕಿಗೆ ನಿಜವಾದ ಪ್ರಚಾರದ ವಿಡಿಯೋ ಮಾಡಿಕೊಡಬೇಕೆಂದು ನಿಯಮ ಮಾಡಿದವಳೂ ನಾನೇ. ಅಂದಿನಿಂದ ಇಂಥ ಫಜೀತಿಗಳಿಗೆ ಬಿಡುವಿಲ್ಲ. ಈ ಹೋಟೆಲ್ ಒಂದೇ ಕೊಟ್ಟಷ್ಟನ್ನು ಹೇಳುತ್ತೇನೆ.

ಮೇಲೆ ಜಾಮ್, ಕೆಳಗೆ ನೊಣ

ಹೋಟೆಲ್ ನಡೆಸುವವರು ಅಕ್ಕ ತಂಗಿ ಇಬ್ಬರು. ಅಕ್ಕ ಗಲ್ಲಾಪೆಟ್ಟಿಗೆಯಲ್ಲಿ, ತಂಗಿ ಹಿಂದೆ ಮೀನಿನ ಮಣೆಯಲ್ಲಿ. ನಾನು ಬೆವರು ಒರೆಸುತ್ತಾ ಒಳಬಂದದ್ದನ್ನು ನೋಡಿ ಅಕ್ಕನಿಗೆ ಖುಷಿಯೋ ಖುಷಿ.

“ನೀವೂ ದಾರಿ ತಪ್ಪಿದ್ರಾ? ಒಳ್ಳೆದಾಯ್ತು. ನನ್ನ ಕಷ್ಟ ಎಂತ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಗಿರಾಕಿಗಳೆಲ್ಲ ನನ್ನ ತಲೆ ಮೇಲಿಂದ್ಲೇ ಹೋಗ್ತಾರೆ. ಮೇಲೆ ಜಾಮ್, ಕೆಳಗೆ ನಾನು ನೊಣ ಓಡಿಸ್ತಾ ಕೂತದ್ದು.”

ದೀಪಾವಳಿಯವರೆಗೆ ನೋಡುವುದು, ಜನ ಬರದಿದ್ದರೆ ಶಟರ್ ಎಳೆಯುವುದು ಎಂದು ಅಕ್ಕ ತಂಗಿ ತೀರ್ಮಾನಿಸಿದ್ದರಂತೆ.

“ಆಮೇಲೆ?”

“ಆಮೇಲೆ ಎಂತ? ಮಸ್ಕತ್‌ಗೆ ಹೋಗಿ ಮಗಳ ಮಗುವಿಗೆ ಡೈಪರ್ ಹಾಕುದು. ಅದಕ್ಕಿಂತ ಮೀನು ಕ್ಲೀನ್ ಮಾಡುದೇ ಚಂದ ಮಾರಾಯ್ರೆ. ಮೀನು ಒದೆಯುದಿಲ್ಲ.”

ಒಂದು ಮಧ್ಯಾಹ್ನ ಬಾಕಿ

ಅಲ್ಲಿ ಒಂದು ಪದ್ಧತಿ ಉಂಟು. ಗಿರಾಕಿ ತಟ್ಟೆಯಲ್ಲಿಟ್ಟ ಹಸಿ ಮೀನು ತೋರಿಸುತ್ತಾನೆ. ಅಕ್ಕ ಏನೂ ಹೇಳದಿದ್ದರೆ ಮೀನು ಇಡಿಯಾಗಿ ಕಾವಲಿಗೆ. “ಕಟ್!” ಎಂದು ಕೂಗಿದರೆ ಹಿಂದಿನಿಂದ ತಂಗಿಯ ಕತ್ತಿ ಟಕ್ ಎನ್ನುತ್ತದೆ.

ಇದು ವಿಡಿಯೋ ಮಾಡಲು ಬಂದ ನಮ್ಮ ವಿದ್ಯಾರ್ಥಿ ನಿರ್ದೇಶಕಿಗೆ ಗೊತ್ತಿರಲಿಲ್ಲ. ಹುಡುಗಿ ಚುರುಕು, ಗಂಟಲು ಇನ್ನೂ ಚುರುಕು. ಗಿರಾಕಿಯ ವೇಷದಲ್ಲಿ ಕೂತ ಸಹಪಾಠಿ ಅನ್ನ ಕಲಸುವುದನ್ನು ಚಿತ್ರಿಸುತ್ತಾ “ಕಟ್!” ಎಂದಳು. ಒಳಗೆ ಟಕ್. ಅವನು ಸರಿಯಾಗಿ ಕಲಸಲಿಲ್ಲವೆಂದು ಮತ್ತೆ ತೆಗೆದಳು. “ಕಟ್!” ಟಕ್. ಊಟದ ಹೊತ್ತಿಗೆ ಮಾಂಜಿ ಮೀನಿನ ಬುಟ್ಟಿಯಲ್ಲಿ ಒಂದೂ ಇಡೀ ಉಳಿದಿರಲಿಲ್ಲ. ಇಡೀ ಮಾಂಜಿ ಫ್ರೈಗೆಂದೇ ಬರುತ್ತಿದ್ದ ಖಾಯಂ ಗಿರಾಕಿಗಳು ಮುಖ ಸಿಂಡರಿಸಿ ಎದ್ದುಹೋದರು.

ನಿರ್ದೇಶಕಿ ಹೆದರಿ ಮುಂದಿನ ಶಾಟಿಗೆ “ಸಾಕು!” ಎಂದಳು. ಬಡಿಸುವವರು ಅನ್ನದ ಬಕೆಟ್ ಎತ್ತಿಕೊಂಡು ಹೋದರು. “ಆಯ್ತು!” ಎಂದಳು. ನಟನ ಎದುರಿನ ತಟ್ಟೆ ಮಾಯವಾಯಿತು. ಮಾತೇ ಬೇಡವೆಂದು ಕೈ ಎತ್ತಿದಳು. ನೀರು ಬಂತು.

ನಾನು ಕ್ಷಮೆ ಕೇಳಿದೆ. ಅಕ್ಕ ಹೇಳಿದರು, “ಸಾರಿ ಎಲ್ಲ ಬೇಡ ಟೀಚರೇ. ನಿಮ್ಮಿಂದ ನನಗೆ ಒಂದು ಮಧ್ಯಾಹ್ನ ಬಾಕಿ ಉಂಟು. ಬೇಕಾದಾಗ ಕೇಳ್ತೇನೆ.”

ಪ್ರೇಕ್ಷಕರ ಕಣ್ಣೀರು

ವಿಡಿಯೋ ತಯಾರಾಯಿತು. ಖಾಲಿ ಕುರ್ಚಿಗಳು. ನಿಧಾನ ತಿರುಗುವ ಫ್ಯಾನ್. ಕಿಟಕಿಯ ಹೊರಗೆ ನೋಡುತ್ತಿರುವ ಅಕ್ಕನ ಬೆನ್ನು. ಹಿನ್ನೆಲೆಯಲ್ಲಿ ಒಂಟಿ ಪಿಟೀಲು. ಮಾತು ಒಂದೂ ಇಲ್ಲ. ತರಗತಿಯಲ್ಲಾದರೆ ನಾನೇ ಒಳ್ಳೆಯ ಅಂಕ ಕೊಡುತ್ತಿದ್ದೆನೇನೋ.

ಹೋಟೆಲಿನಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆವು. ಮುಗಿಯುವ ಹೊತ್ತಿಗೆ ತಂಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಿರ್ದೇಶಕಿ ಹೆಮ್ಮೆಯಿಂದ ನನ್ನ ಕೈ ಹಿಂಡಿದಳು.

ತಂಗಿ ಮೆಲ್ಲ ಕೇಳಿದರು, “ಪಾಪ, ತೀರಿಹೋದದ್ದು ಯಾರು?”

ಮೇಲೆ ಹೋದವರು

ಮತ್ತೆ ಚಿತ್ರೀಕರಣ. ದೀಪಾವಳಿ ಹತ್ತಿರ ಬಂದಿತ್ತು. ಈ ಸಲ ಅಕ್ಕ ಗಲ್ಲಾಪೆಟ್ಟಿಗೆಯಲ್ಲಿ ಕೂತು “ಎಲ್ಲರಿಗೂ ಆದರದ ಸ್ವಾಗತ” ಎನ್ನಬೇಕು. ಹೇಳಿದರು, ಟಪಾಲು ಓದಿದ ಹಾಗೆ. ಶಾಟ್ ಮುಗಿಯಿತು. ಆದರೆ ನಿಲ್ಲಿಸು ಎಂದು ಹೇಳಲು ನಿರ್ದೇಶಕಿಯ ಹತ್ತಿರ ಶಬ್ದವೇ ಉಳಿದಿರಲಿಲ್ಲ. ಎಲ್ಲರೂ ಕಲ್ಲಿನ ಹಾಗೆ ಕೂತೆವು. ಕ್ಯಾಮೆರಾ ಓಡುತ್ತಲೇ ಇತ್ತು. ಆಗ ಅಕ್ಕನ ಫೋನ್ ಹೊಡೆದುಕೊಂಡಿತು.

“ಹಲೋ, ಎಲ್ಲಿದ್ದೀರಿ? ಮೇಲೆಯಾ? ಮೇಲೆ ಎಂತಕ್ಕೆ ಹೋದ್ರಿ ಮಾರಾಯ್ರೆ? ಮೇಲೆ ಹೋದವರು ಊಟಕ್ಕೆ ವಾಪಸ್ ಬಂದದ್ದುಂಟಾ? ಜೀವದಲ್ಲಿ ಇರುವಾಗ್ಲೇ ಕೆಳಗೆ ಬನ್ನಿ! ಬಂಗುಡೆ ಕೆಳಗೆ ಉಂಟು!”

ನಿರ್ದೇಶಕಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಪಿಟೀಲು ಹೋಯಿತು, ಫ್ಯಾನ್ ಹೋಯಿತು. ಅಕ್ಕನ ಫೋನ್ ಮಾತು ಇದ್ದ ಹಾಗೇ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ವಾರದೊಳಗೆ ಜನ ಬಾಗಿಲಲ್ಲಿ ನಿಂತು ಹೇಳತೊಡಗಿದರು, “ಅಕ್ಕ, ನಾವು ಮೇಲೆ ಹೋಗಲಿಲ್ಲ!”

ಚುಕ್ತಾ

ದೀಪಾವಳಿ ಕಳೆಯಿತು, ಶಟರ್ ಎಳೆಯಲಿಲ್ಲ. ಒಂದು ಮಧ್ಯಾಹ್ನ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದುಕೊಂಡು ಹೋದೆ. ಕಾಲಿಡಲು ಜಾಗವಿಲ್ಲ. ಬಡಿಸುವವರು ಜ್ವರ ಬಂದು ರಜೆ. ಅಕ್ಕ ನನ್ನ ಕೈಗೆ ಅನ್ನದ ಬಕೆಟ್ ಕೊಟ್ಟರು.

“ಆ ಬಾಕಿ ಮಧ್ಯಾಹ್ನ ಇವತ್ತು ಕೊಡಿ ಟೀಚರೇ.”

ನಾಲ್ಕು ಖಂಡಗಳಲ್ಲಿ ಕೂತು ಉಂಡವಳು ನಾನು. ನಿಂತು ಬಡಿಸಿದ್ದು ಅಂದೇ ಮೊದಲು. “ಸಾಕು” ಎಂದರೆ ನಿಲ್ಲಿಸಿದೆ, ಕೈ ಎತ್ತಿದರೆ ನೀರು ಕೊಟ್ಟೆ. ಮೂಲೆಯ ಮೇಜಿನಲ್ಲಿ ಅದೇ ರಿಕ್ಷಾದವರು. “ಓ ಮೇಡಂ, ಅಂತೂ ದಾರಿ ಸಿಕ್ಕಿತಾ? ನನಗೊಂದು ಇಡೀ ಮಾಂಜಿ ಹೇಳಿ.”

ಇಷ್ಟು ಜನರಿಗೆ ದಾರಿ ತೋರಿಸಿದ ನನ್ನ ಮಕ್ಕಳು ಎಂದು ಎದೆ ತುಂಬಿ ತಿರುಗಿ ನೋಡಿದರೆ, ಅವರೆಲ್ಲ ಮೊಬೈಲ್ ಎತ್ತಿ, ಬಕೆಟ್ ಹಿಡಿದ ನನ್ನನ್ನೇ ಚಿತ್ರೀಕರಿಸುತ್ತಿದ್ದಾರೆ! ಅಭ್ಯಾಸಬಲ, ಬಾಯಿಂದ ಬಂದೇಬಿಟ್ಟಿತು.

“ಕಟ್!”

ಒಳಗೆ ಟಕ್.

ತಂಗಿ ಎರಡು ತುಂಡು ಮಾಂಜಿ ಹಿಡಿದು ಹೊರಗೆ ಬಂದರು. “ಕಟ್ ಹೇಳಿದ್ದು ಯಾರು?”

ರಿಕ್ಷಾದವರಿಂದ ಹಿಡಿದು ನಿರ್ದೇಶಕಿಯವರೆಗೆ ಎಲ್ಲರ ಬೆರಳೂ ನನ್ನ ಕಡೆಗೆ.

ಅಕ್ಕ ಗಲ್ಲಾಪೆಟ್ಟಿಗೆಯಿಂದಲೇ ತೀರ್ಪು ಕೊಟ್ಟರು, “ಒಂದು ಮಧ್ಯಾಹ್ನ ಚುಕ್ತಾ ಆಗಿತ್ತು ಟೀಚರೇ. ಈ ಮಾಂಜಿಗೆ ಇನ್ನೊಂದು. ನಾಳೆ ಬೇಗ ಬನ್ನಿ.”

ಹೋದೆ. ಫ್ಲೈಓವರ್ ಹತ್ತಲಿಲ್ಲ.