ಮೊಣಕಾಲು ಅಳೆಯುವ ಮಾವ

ನಮ್ಮ ಸೋದರಮಾವ ಮನುಷ್ಯರ ಮುಖ ನೋಡಿ ಮಾತನಾಡುವವರಲ್ಲ. ಅವರು ನೋಡುವುದು ಮೊಣಕಾಲನ್ನು! ಯಾರೇ ಬಂದು ಕುಳಿತರೂ ಅವರ ಕಣ್ಣು ಮೊದಲು ಹೋಗುವುದು ಪಾದ ನೆಲಕ್ಕೆ ಸರಿಯಾಗಿ ಊರಿದೆಯೋ ಇಲ್ಲವೋ ಎಂಬ ಕಡೆಗೆ. ಊರಿದ್ದರೆ ತಲೆಯೆತ್ತಿ "ಚೆನ್ನಾಗಿದೀರಾ?" ಎಂದು ಕೇಳುತ್ತಾರೆ. ಊರದಿದ್ದರೆ ಕುಶಲ ವಿಚಾರಿಸುವುದನ್ನೂ ಮರೆತು ಜೇಬಿಗೆ ಕೈ ಹಾಕುತ್ತಾರೆ. ಬೇರೆಯವರ ಜೇಬಿನಲ್ಲಿ ಬೀಡಿಯೋ ನಶ್ಯದ ಡಬ್ಬಿಯೋ ಇದ್ದರೆ, ನಮ್ಮ ಮಾವನ ಜೇಬಿನಲ್ಲಿ ಅಳತೆಯ ಟೇಪು!

ಅವರಿಗೆ ಲಗ್ಗೆರೆಯಲ್ಲಿ ಮನೆ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಯಂತ್ರ ಮಾಡುವ ಕೆಲಸವಲ್ಲ; ಯಂತ್ರಗಳನ್ನು ಪರಊರಿಗೆ ಕಳಿಸಲು ಮರದ ಪೆಟ್ಟಿಗೆ ಹೊಡೆಯುವ ಕೆಲಸ. "ಒಳಗಿರೋದು ಅಲ್ಲಾಡಬಾರದು, ಆದ್ರೆ ಅದಕ್ಕೆ ನೋವೂ ಆಗಬಾರದು, ಅಂಗೆ ಕೂರಿಸಬೇಕು ಕಣೇ" ಎನ್ನುತ್ತಿದ್ದರು. ಕಬ್ಬಿಣಕ್ಕೆಲ್ಲಾದರೂ ನೋವಾಗುತ್ತದೆಯೇ? ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಾನೇ.

ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಎತ್ತರದ ಆಳು. ನಮ್ಮ ಮನೆಯ ಮೋಟು ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿ ಕುಳಿತಿದ್ದ. ಅಪ್ಪ ಜಾತಕದ ಮಾತು ತೆಗೆಯುವಷ್ಟರಲ್ಲಿ ಮಾವ ಹುಡುಗನ ಮುಂದೆ ಮಂಡಿಯೂರಿ ಟೇಪು ಬಿಚ್ಚಿಯೇಬಿಟ್ಟರು!

ಹುಡುಗನ ತಾಯಿ ಗಾಬರಿಯಾದರು. "ಏನ್ರೀ ಇದು? ಈಗ್ಲೇ ಪ್ಯಾಂಟು ಹೊಲಿಸ್ತೀರಾ?"

"ಇಲ್ಲಮ್ಮ. ಹತ್ತೊಂಬತ್ತೂವರೆ ಇಂಚು. ಪಾಪ, ನಿಮ್ಮ ಮಗನಿಗೆ ನಮ್ಮ ಕುರ್ಚಿ ಸಾಲಲ್ಲ."

ಸಂಬಂಧ ಮುರಿದೇ ಹೋಯಿತೆಂದು ಅಮ್ಮ ಅಡುಗೆಮನೆಯಲ್ಲಿ ದೇವರಿಗೆ ಹರಕೆ ಹೊತ್ತರು. ಆದರೆ ಹುಡುಗ ಕಿಸಕ್ಕನೆ ನಕ್ಕ. ನಗುವ ಅಳಿಯ ಸಿಕ್ಕಿದ್ದು ದೇವರ ದಯೆ. ಧಾರೆಯ ದಿನ ಮಾತ್ರ ಅಪ್ಪ ಮಾವನ ಟೇಪನ್ನು ಕಿತ್ತುಕೊಂಡು ತಮ್ಮ ಟ್ರಂಕಿನೊಳಗಿಟ್ಟು ಬೀಗ ಹಾಕಿದರು!

ಇನ್ನು ನನ್ನ ಮಗನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬೇರೆಯವರ ಮಾತಾಡಿಕೊಂಡು ಯಾಕೆ ಸುತ್ತುತ್ತಿದ್ದೆ ಎಂದು ಮುಂದೆ ನಿಮಗೇ ತಿಳಿಯುತ್ತದೆ.

ಅವನಿಗೆ ಆಗ ನಾಲ್ಕು ವರ್ಷ. ಕತ್ತು ಸರಿಯಾಗಿ ನಿಲ್ಲುತ್ತಿರಲಿಲ್ಲ, ಬೆನ್ನೂ ಅಷ್ಟೆ. ಮಲಗಿದಲ್ಲೇ ಇರುತ್ತಿದ್ದ. ಕುಕ್ಕರು ಕೂಗಿದರೆ ಕೇಕೆ ಹಾಕಿ ನಗುತ್ತಿದ್ದ. ತೊಡೆಯ ಮೇಲೆ ಮಲಗಿಸಿಕೊಂಡು ತಿನ್ನಿಸುತ್ತಿದ್ದೆ. ಪ್ರತಿ ತುತ್ತಿಗೂ ಕೆಮ್ಮು, ತಿಂಗಳಿಗೊಮ್ಮೆ ಎದೆ ಕಟ್ಟಿ ಜ್ವರ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಯಜಮಾನರಿಗೆ ರಜೆ ಸಿಗಲಿಲ್ಲ, ಮಾವ ಜೊತೆಗೆ ಬಂದರು.

"ಮಲಗಿಸಿ ತಿನ್ನಿಸಬೇಡಿ ಕಣಮ್ಮ" ಎಂದರು ಡಾಕ್ಟರು. "ತಿಂದಿದ್ದು ಉಸಿರಿನ ದಾರಿಗೆ ಹೋಗುತ್ತೆ, ಅದಕ್ಕೇ ಈ ಜ್ವರ. ಹೀಗೇ ಆದ್ರೆ ಶ್ವಾಸಕೋಶ ತಡೆಯಲ್ಲ. ಬೆನ್ನು ನೆಟ್ಟಗಿಟ್ಟು ಕೂರಿಸಿ ತಿನ್ನಿಸಿ."

"ಯಾವುದರಲ್ಲಿ ಕೂರಿಸೋದು ಡಾಕ್ಟ್ರೇ?"

"ಅಂಥ ಕುರ್ಚಿ ಅಂಗಡೀಲಿ ಸಿಗಲ್ಲ. ಮಾಡಿಸ್ಕೋಬೇಕು."

ಆ ಕಾಲದಲ್ಲಿ ಇಂಥ ಮಕ್ಕಳ ಮನೆಯವರಿಗೆ ಸಿಗುತ್ತಿದ್ದುದು ಇಷ್ಟೇ: ಒಂದು ಚೀಟಿ, ಒಂದು "ಮಾಡಿಸ್ಕೋಬೇಕು". ಯಾರ ಹತ್ತಿರ, ಎಲ್ಲಿ ಎಂದು ಹೇಳುವವರಿರಲಿಲ್ಲ. ನಾನು ಕಣ್ಣೊರೆಸಿಕೊಂಡು ತಿರುಗಿ ನೋಡುತ್ತೇನೆ, ಮಾವ ಆಗಲೇ ಮಗುವನ್ನು ಬೆಂಚಿನ ಮೇಲೆ ಮಲಗಿಸಿ, ತಾವು ನೆಲದ ಮೇಲೆ ಅಡ್ಡಬಿದ್ದು ಅಳೆಯುತ್ತಿದ್ದಾರೆ! ಆಯಾ ಪೊರಕೆ ಹಿಡಿದು ನಿಂತಿದ್ದಾಳೆ. "ಏಳ್ರೀ ಯಜಮಾನ್ರೆ, ಇನ್ನೂ ಕಸ ಗುಡಿಸಿಲ್ಲ!"

ಮೂರು ವಾರಕ್ಕೆ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಕುರ್ಚಿ ತಂದರು. ಕಾರ್ಖಾನೆಯಲ್ಲಿ ಮಿಕ್ಕ ಹಲಗೆಯದು. ಎತ್ತರದ ಬೆನ್ನು, ತಲೆ ವಾಲದಂತೆ ಎರಡು ಕಡೆ ರೆಕ್ಕೆ, ಎದೆಗೆ ಬಟ್ಟೆಯ ಬೆಲ್ಟು, ಮುಂದೆ ತಟ್ಟೆ ಇಡಲು ಹಲಗೆ, ಕೆಳಗೆ ಪಾದ ಊರಲು ಇನ್ನೊಂದು ಹಲಗೆ. ಪಾದದ ಹಲಗೆಯನ್ನು ಗೂಟ ಹಾಕಿ ನಿಲ್ಲಿಸಿದ್ದರು. ಗೂಟಕ್ಕೆಂದು ಕಾಲಿನುದ್ದಕ್ಕೂ ಒಂದರ ಕೆಳಗೊಂದು ನಾಲ್ಕು ತೂತು. ಬೆನ್ನಿನ ಹಿಂದೆ ಒಡೆಯುವ ಸಾಮಾನಿನ ಗುರುತಿಗೆ ಹಾಕುವ ಗಾಜಿನ ಲೋಟದ ಚಿತ್ರ ಹಾಗೇ ಇತ್ತು. "ಉಜ್ಜಬಹುದಿತ್ತು, ಇರಲಿ ಅಂತ ಬಿಟ್ಟೆ" ಎಂದರು.

ನಾನೇನು ಮಾಡಿದೆ ಗೊತ್ತೇ? ಅವರು ಸೈಕಲ್ ಹತ್ತಿ ತಿರುವು ದಾಟುವುದನ್ನೇ ಕಾದು ಕುರ್ಚಿಯನ್ನು ಅಟ್ಟಕ್ಕೆ ಹತ್ತಿಸಿದೆ.

ಯಾಕೆ? ನಮ್ಮದು ರಾಜಾಜಿನಗರದ ಒತ್ತೊತ್ತು ಮನೆಗಳ ಬೀದಿ. ಇದ್ದ ಎರಡು ಕೋಣೆಯಲ್ಲಿ ಒಂದು ನಡುಮನೆ, ಇನ್ನೊಂದು ಮಗು ಮಲಗುವ ಹಿಂದಿನ ಕೋಣೆ. ಹಿಂದಿನ ಕೋಣೆಯಲ್ಲಿ ಕುರ್ಚಿಗೆ ಜಾಗವಿಲ್ಲ, ನಡುಮನೆಯಲ್ಲಿಟ್ಟರೆ ಬಂದವರೆಲ್ಲ ನೋಡುತ್ತಾರೆ. ಅಂಥ ಕುರ್ಚಿ ಇದೆ ಎಂದಮೇಲೆ ಅದರಲ್ಲಿ ಕೂರುವವನೊಬ್ಬ ಇದ್ದಾನೆ ಎಂದು ತಿಳಿಯುತ್ತದಲ್ಲ! ಮಾವ ಬಂದಾಗಲೆಲ್ಲ "ಕೂರ್ತಾನಾ?" ಎಂದು ಕೇಳುತ್ತಿದ್ದರು. "ದಿನಾ ಕೂರ್ತಾನೆ ಮಾವ, ಈಗ ತಾನೇ ಮಲಗಿದ, ಕುರ್ಚೀನೂ ಒಳಗೇ ಇದೆ" ಎನ್ನುತ್ತಿದ್ದೆ. ಸ್ನಾನ ಮಾಡಿ, ತುಳಸಿಗೆ ನೀರೆರೆದು, ಹಣೆತುಂಬ ಕುಂಕುಮವಿಟ್ಟುಕೊಂಡು ಹೇಳಿದ ಸುಳ್ಳು. ಎಂಟು ತಿಂಗಳು.

ಅಷ್ಟರಲ್ಲಿ ಇಂಥ ಮಕ್ಕಳಿಗೆಲ್ಲ ಕುರ್ಚಿ ಮಾಡಿಕೊಡುವ ಮಾವನ ಹುಚ್ಚು ಊರೆಲ್ಲ ಹಬ್ಬಿತು. ಒಮ್ಮೆ ಕೆಂಗೇರಿಯಿಂದ ಬಸ್ಸಿನಲ್ಲಿ ಅವರೊಂದಿಗೆ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಏಳೆಂಟು ವರ್ಷದ ಹುಡುಗನನ್ನು ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಳು. ಮಾವ ಬಗ್ಗಿದರು. "ಕತ್ತು ನಿಲ್ಲುತ್ತೇನಮ್ಮ?" ಎನ್ನುತ್ತಾ ಹುಡುಗನ ಕಾಲು ಹಿಡಿದರು.

"ಏಯ್, ಮಗೂ ಕಾಲು ಯಾಕ್ರೀ ಮುಟ್ತೀರಾ? ಮಾನ ಮರ್ಯಾದೆ ಇಲ್ವಾ?" ಎಂದು ಅವಳು ಕಿರುಚಿದಳು. ಕಂಡಕ್ಟರು ಬಂದ. "ಯಾರ್ರೀ ಈ ಅಜ್ಜನ ಜೊತೆಗಿರೋರು?"

ನಾನು ಕಿಟಕಿಯಾಚೆ ನೋಡುತ್ತಾ ವಿಷ್ಣು ಸಹಸ್ರನಾಮ ಹೇಳಿಕೊಂಡೆ!

ಮಾವ ಬೆವರೊರೆಸಿಕೊಂಡು ಏನೇನೋ ವಿವರಿಸಿದರು. ಬಸ್ಸು ನಾಯಂಡಹಳ್ಳಿ ದಾಟುವಷ್ಟರಲ್ಲಿ ಅವಳು ಅಳುತ್ತಿದ್ದಳು, ಅವರು ಟಿಕೆಟ್ಟಿನ ಹಿಂದೆ ಅಳತೆ ಬರೆದುಕೊಳ್ಳುತ್ತಿದ್ದರು. ವಿಜಯನಗರದ ಶಾಲೆಯೊಂದರ ಕೋಣೆಯಲ್ಲಿ ಭಾನುವಾರ ಇಂಥ ತಾಯಂದಿರು ಸೇರುತ್ತಾರೆ, ವ್ಯಾಯಾಮ ಹೇಳಿಕೊಡಲು ಒಬ್ಬ ಮೇಡಂ ಬರುತ್ತಾರೆ, ಬಾ ಎಂದು ಅವಳನ್ನು ಕರೆದರು. ಇಳಿದ ಮೇಲೆ "ನೀನೂ ಬಾರೇ" ಎಂದರು ನನಗೆ. "ಭಾನುವಾರ ಎಣ್ಣೆನೀರು ಮಾವ" ಎಂದೆ. ಬಸ್ಸಿನಲ್ಲಿ ತಮ್ಮ ಜೊತೆಯವಳೆಂದು ನಾನು ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. (ಮುಂದೆ ನಾನೂ ಆ ಭಾನುವಾರಗಳಿಗೆ ಹೋಗತೊಡಗಿದಾಗ ಅದೇ ಹೆಂಗಸು "ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ?" ಎಂದಳು. "ಇರಲಾರದು" ಎಂದುಬಿಟ್ಟೆ. ನೋಡಿ, ಬುದ್ಧಿ ಬಂದ ಮೇಲೂ ನನ್ನ ಬುದ್ಧಿ ಇಷ್ಟೇ!)

ವರಮಹಾಲಕ್ಷ್ಮಿ ಹಬ್ಬ ಬಂತು. ಹಿಂದಿನ ದಿನ ನೋಡಿದರೆ, ಪ್ರತಿ ವರ್ಷ ದೇವಿಯನ್ನು ಕೂರಿಸುವ ಸ್ಟೂಲಿಗೆ ಗೆದ್ದಲು ಹತ್ತಿದೆ. ಏನು ಮಾಡಲಿ ತಾಯಿ ಎಂದು ತಲೆಯೆತ್ತಿದೆ; ಕಂಡಿದ್ದು ಅಟ್ಟ.

ಕುರ್ಚಿಯನ್ನು ಇಳಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿದೆ. ಅಯ್ಯೋ, ಎಂಥ ಅನುಕೂಲ! ಬೆಲ್ಟಿನಿಂದ ಕಲಶವನ್ನು ಬಿಗಿದರೆ, ವರ್ಷವರ್ಷವೂ ಎಡಕ್ಕೆ ವಾಲುತ್ತಿದ್ದ ದೇವಿ ನೆಟ್ಟಗೆ ಕುಳಿತಳು. ಸೀರೆಯ ನೆರಿಗೆ ಪಾದದ ಹಲಗೆಯ ಮೇಲೆ ಚೆಂದವಾಗಿ ಇಳಿಯಿತು. ಮುಂದಿನ ಹಲಗೆಯ ಮೇಲೆ ಒಬ್ಬಟ್ಟು, ಹಣ್ಣು. ಖಾಲಿ ಇದ್ದ ತೂತುಗಳಿಗೆ ಊದುಬತ್ತಿ! ದೇವಿಯೇ ದಾರಿ ತೋರಿಸಿದಳು ಎಂದು, ನಾನು ದಿನವೂ ಎಣಿಸುವ ದಯೆಗಳಲ್ಲಿ ಇದನ್ನೂ ಸೇರಿಸಿಕೊಂಡೆ.

ಶುಕ್ರವಾರ ಸಂಜೆ ಕುಂಕುಮಕ್ಕೆ ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಎದುರುಮನೆಯಾಕೆಯಂತೂ ಬಿಡಲೊಲ್ಲರು. "ಪೀಠ ಎಷ್ಟು ಲಕ್ಷಣವಾಗಿದೆ ಕಣ್ರೀ! ಎಲ್ಲಿ ಮಾಡಿಸಿದ್ರಿ?"

"ನಮ್ಮ ಸೋದರಮಾವ ಮಾಡಿಕೊಟ್ಟಿದ್ದು. ದೇವಿಗೆ ಅಂತಾನೇ."

ಹೇಳಿ ತಿರುಗಿದರೆ ಬಾಗಿಲಲ್ಲಿ ಮಾವ! ಕೆಲಸ ಮುಗಿಸಿ ನೇರ ಬಂದಿದ್ದರು, ತಲೆಯಲ್ಲಿ ಮರದ ಹೊಟ್ಟು. ಕಂಕುಳಲ್ಲಿ ಒಂದು ಪುಟ್ಟ ದಿಂಬು, ಕುರ್ಚಿಯಲ್ಲಿ ಮಗುವಿನ ಬೆನ್ನಿಗೆಂದು ಅತ್ತೆ ಹೊಲಿದದ್ದು. ಅವರು ಕುರ್ಚಿ ನೋಡಿದರು. ದೇವಿಯನ್ನು ನೋಡಿದರು. ನನ್ನನ್ನು ನೋಡಿದರು, ಮೊಣಕಾಲನ್ನಲ್ಲ, ಮುಖವನ್ನೇ.

"ಹೌದಮ್ಮ" ಎಂದರು ಎದುರುಮನೆಯಾಕೆಗೆ. "ಅಳತೆ ತಗೊಂಡೇ ಮಾಡಿದ್ದು."

ಎಲ್ಲರೂ ನಕ್ಕರು. ಆಗ ಹಿಂದಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಮಾವ ದಿಂಬು ಹಿಡಿದುಕೊಂಡೇ ಒಳಗೆ ಹೋದರು.

ನಾನು ತಾಂಬೂಲ ಕೊಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಒಬ್ಬಟ್ಟಿನ ತಟ್ಟೆಯ ನೆಪ ಮಾಡಿಕೊಂಡು ಒಳಗೆ ಹೋದೆ. ಮಾವ ಗೋಡೆಗೊರಗಿ ಕುಳಿತಿದ್ದರು. ಅವರ ಎದೆಗೆ ಮಗುವಿನ ಬೆನ್ನು. ಎರಡು ಮೊಣಕಾಲೆತ್ತಿ ಎರಡೂ ಕಡೆಯಿಂದ ಆನಿಸಿದ್ದರು, ಎಡಗೈ ಬೆಲ್ಟಿನ ಹಾಗೆ ಎದೆಯ ಮೇಲೆ ಬಳಸಿತ್ತು. ಬಲಗೈಯಿಂದ ಪಾಯಸ ತಿನ್ನಿಸುತ್ತಿದ್ದರು. ಮಗು ಒಂದು ಸಲವೂ ಕೆಮ್ಮಲಿಲ್ಲ.

"ಹೋಗು, ಬಂದೋರನ್ನ ನೋಡ್ಕೋ" ಎಂದರು. "ನಿಧಾನಕ್ಕೆ ಬಾ. ನಾನಿದೀನಲ್ಲ."

ಆಗಲೇ ದೇವಿಯನ್ನು ಕೆಳಗಿಳಿಸಿ ಮಗನನ್ನು ಕೂರಿಸಿದೆ ಎಂದು ಬರೆಯಲು ಆಸೆ. ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಶುಕ್ರವಾರ ಕಲಶ ಕದಲಿಸಬಾರದಲ್ಲ, ಜನ ಏನಂದಾರು! ಕಡೆಯ ಮುತ್ತೈದೆ ಹೋಗುವವರೆಗೂ ಮಾವ ಹಾಗೇ ಕುಳಿತಿದ್ದರು. ಕಾಲು ಜೋಮು ಹಿಡಿದು ಏಳಲಾಗಲಿಲ್ಲ, ನಾನೇ ಕೈಹಿಡಿದು ಎಬ್ಬಿಸಬೇಕಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. "ನಾಳೆ ಕದಲಿಸಿದ ಮೇಲೆ ಕೂರಿಸೋಣ, ಬರ್ತೀನಿ" ಎಂದು ಸೈಕಲ್ ಹತ್ತಿದರು.

ಶನಿವಾರ ಬೆಳಿಗ್ಗೆ ಆರತಿ ಎತ್ತಿ ಕಲಶ ಕದಲಿಸಿದೆ. ಕುರ್ಚಿಯನ್ನು ನಡುಮನೆಯಲ್ಲೇ, ಬೀದಿಬಾಗಿಲಿಗೆ ಎದುರಾಗಿ ಇಟ್ಟೆವು. ಮಾವ ಮಗುವನ್ನು ಕೂರಿಸಿ, ಬೆಲ್ಟು ಕಟ್ಟಿ, ದಿಂಬು ಇಟ್ಟು, ಬಗ್ಗಿ ಪಾದ ನೋಡಿದರು. ಮೊಣಕಾಲು ಮೇಲೆದ್ದಿತ್ತು. ಟೇಪು ಹಿಡಿದವರು ಬೀದಿಗೆಲ್ಲ ಕೇಳುವಂತೆ ಕೂಗಿದರು. "ಅರ್ಧ ಇಂಚು ಬೆಳೆದಿದಾನೆ ಕಣೇ!"

ಅವರಿಗೆ ಸಂಭ್ರಮ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಕುರ್ಚಿ ಅಟ್ಟದಲ್ಲಿದ್ದ ಕಾಲದಲ್ಲಿ ನನ್ನ ಕೂಸು ಮಲಗಿದಲ್ಲೇ ಅರ್ಧ ಇಂಚು ಬೆಳೆದಿತ್ತು.

ಕೂಗು ಕೇಳಿ ಎದುರುಮನೆಯಾಕೆ ಬಾಗಿಲಿಗೆ ಬಂದರು. "ಏನ್ರೀ, ಏನು ಬೆಳೀತು?"

"ನಮ್ಮ ಮಗ ಕಣ್ರೀ" ಎಂದೆ.

ಅವರು ಮಗುವನ್ನು ನೋಡಿದರು, ಕುರ್ಚಿಯನ್ನು ನೋಡಿದರು. "ದಿನಾ ಕೆಮ್ಮು ಕೇಳಿಸ್ತಿತ್ತು. ನೀವಾಗೇ ಹೇಳ್ಲಿ ಅಂತ ಸುಮ್ಮನಿದ್ದೆ" ಎಂದರು ಮೆಲ್ಲಗೆ.

ಮಾವನಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಪಾದದ ಹಲಗೆಯ ಗೂಟ ಕಿತ್ತು ಕೆಳಗಿನ ತೂತಿಗೆ ಹಾಕಲು ನೋಡಿದರು, ಹೋಗಲಿಲ್ಲ. ಬೆರಳು ಹಾಕಿದರೆ ಊದುಬತ್ತಿಯ ಬೂದಿ. ಬೆಳೆಯುವ ಮಗುವಿಗೆಂದು ವರ್ಷಗಳ ಲೆಕ್ಕ ಹಾಕಿ ಕೊರೆದ ತೂತುಗಳು! ನಾನು ತಲೆ ತಗ್ಗಿಸಿದೆ. ಅವರು ಆ ಬೂದಿಯಲ್ಲಿ ಮಗುವಿನ ಹಣೆಗೆ ಒಂದು ಗೆರೆ ಎಳೆದರು, ಉಳಿದದ್ದನ್ನು ಉಫ್ ಎಂದು ಊದಿ ಗೂಟ ಕೂರಿಸಿದರು. "ಇನ್ನೂ ಎರಡು ತೂತಿದೆ. ಆಮೇಲೆ ಹೊಸದು ಮಾಡೋಣ."

ಎರಡು ಪುಟ್ಟ ಪಾದಗಳು ಹಲಗೆಯ ಮೇಲೆ ಪೂರ್ತಿ ಊರಿದವು. ಆಗ ಮಾವ, ತಮ್ಮ ಪದ್ಧತಿಯಂತೆ, ತಲೆಯೆತ್ತಿ ಅವನ ಮುಖ ನೋಡಿದರು. ಹುಟ್ಟಿದಂದಿನಿಂದ ನನ್ನ ಮಗನನ್ನು ಯಾರೂ ಕೇಳಿರದ ಮಾತನ್ನು ಕೇಳಿದರು.

"ಏನಪ್ಪಾ, ಚೆನ್ನಾಗಿದೀಯಾ?"