ಮಾರಾಟದ ಮನೆಯಲ್ಲಿ ಒಗ್ಗರಣೆ

ಶನಿವಾರ ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದ ರುದ್ರೇಶನಿಗೆ ಗೇಟಿನ ಪಕ್ಕ ಒಂದು ಹೊಸ ಕಂಬ ಕಾಣಿಸಿತು. ಕಂಬದ ಮೇಲೆ ಬೋರ್ಡು, ಬೋರ್ಡಿನ ಮೇಲೆ ‘ಮಾರಾಟಕ್ಕಿದೆ’. ತಾನು ಬಾಡಿಗೆಗಿರುವ ಮನೆ ಮಾರಾಟವಾಗುವ ವಿಷಯ ಹಾದಿಹೋಕರಿಗೆಲ್ಲ ತಿಳಿದು ಕೊನೆಗೆ ತನಗೆ ತಿಳಿಯಿತಲ್ಲ ಎಂದು ಅವನಿಗೆ ಮೈ ಉರಿಯಿತು. ಫೋನು ತೆಗೆದರೆ, ಎರಡು ದಿನದಿಂದ ಓದದೆ ಬಿಟ್ಟಿದ್ದ ಏಜೆಂಟ್ ಜೇಸನ್‌ನ ಮೆಸೇಜು. ಶನಿವಾರ ಹನ್ನೊಂದರಿಂದ ಮೂರು ಪಾರ್ಟಿ ಮನೆ ನೋಡಲು ಬರುತ್ತವೆ, ದಯವಿಟ್ಟು ಒಪ್ಪವಾಗಿಡಿ.

ವಿಜಯಪುರದಿಂದ ಬಂದ ಒಂಬತ್ತು ವರ್ಷಗಳಲ್ಲಿ ಇದು ರುದ್ರೇಶನ ಐದನೆಯ ಬಾಡಿಗೆ ಮನೆ. ಲಂಡನ್ನಿನ ಅಂಚಿನ ಹೇಸ್‌ನ ಈ ಬೀದಿಗೆ ಬಂದಮೇಲೆಯೇ ಮಗಳು ತನ್ಮಯಿಗೆ ಜೀವದ ಗೆಳತಿಯೊಬ್ಬಳು ಸಿಕ್ಕಿದ್ದು. ಇಲ್ಲಿಂದ ಎದ್ದರೆ ಮತ್ತೆ ಈ ಸ್ಕೂಲಿನ ಸುತ್ತ ಮನೆ ಸಿಗುವ ಮಾತೇ ಇರಲಿಲ್ಲ. ಎಲಿಜಬೆತ್ ಲೈನ್ ಎಂಬ ಹೊಸ ರೈಲುಮಾರ್ಗ ಬಂದಮೇಲೆ ಲಂಡನ್ನಿನ ನಡುಮಧ್ಯದವರೆಲ್ಲ ಹೇಸ್ ಕಡೆ ಮುಖ ಮಾಡಿದ್ದರು. ಕೀಲಿ ರಿಪೇರಿ ಅಂಗಡಿ ಇದ್ದಲ್ಲಿ ಈಗ ಕಾಫಿ ಅಂಗಡಿ. ಮುಂದಿನವನು ತನ್ನ ಕಾಫಿಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನವನಿಗೆ ರೈಲು ತಪ್ಪುತ್ತಿತ್ತು.

“ಐ ಆಮ್ ನಾಟ್ ಚೇಂಜಿಂಗ್ ಸ್ಕೂಲ್ ಅಗೇನ್,” ಎಂದು ತನ್ಮಯಿ ರೂಮಿನ ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ವಾಸು ಚಪ್ಪಲಿ ಬಡಿಯುತ್ತ ಬಂದರು. ಬೆಂಗಳೂರಿನವರು, ಇಪ್ಪತ್ತೈದು ವರ್ಷದಿಂದ ಇದೇ ಬೀದಿಯಲ್ಲಿ ಸ್ವಂತ ಮನೆ. ಬೇರೆಯವರಿಗೆ ಕಷ್ಟ ಬಂದರೆ ಅವರಿಗೆ ಎಲ್ಲಿಲ್ಲದ ಹುರುಪು.

“ಬೋರ್ಡ್ ನೋಡ್ದೆ. ಏನೂ ಯೋಚ್ನೆ ಮಾಡ್ಬೇಡಿ ರುದ್ರೇಶ್. ಅವ್ರು ಒಳಗೆ ಕಾಲಿಡೋ ಹೊತ್ತಿಗೆ ಸರಿಯಾಗಿ ಒಂದು ಮೆಣಸಿನಕಾಯಿ ಒಗ್ಗರಣೆ ಹಾಕಿ. ಯಾವನು ಮೆಟ್ಲು ಹತ್ತಿ ಬೆಡ್‌ರೂಮ್ ನೋಡ್ತಾನೆ, ನಾನೂ ನೋಡ್ತೀನಿ.”

“ಮಂದಿನ್ನ ಕೆಮ್ಮಸಾಕ ನಾ ಒಲಿ ಹಚ್ಚಂಗಿಲ್ಲ,” ಎಂದು ರುದ್ರೇಶನ ಹೆಂಡತಿ ಚಂದ್ರಿಕಾ ಖಡಾಖಂಡಿತವಾಗಿ ಹೇಳಿದಳು. ಆದರೆ ಗಂಡ ತೆಗೆದ ಡಬ್ಬಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. “ಅಯ್ಯ, ಅದು ಬ್ಯಾಡಗಿ ಐತಿ. ಬಣ್ಣ ಬರ್ತೈತಿ, ಘಾಟು ಎಲ್ಲಿಂದ ಬರಬೇಕು? ಗುಂಟೂರಿಂದು ತಗೀರಿ.”

ಹನ್ನೊಂದಕ್ಕೆ ಮಗುವಿನ ಗಾಡಿ ತಳ್ಳಿಕೊಂಡು ಇಂಗ್ಲಿಷ್ ದಂಪತಿ ಬಂದರು. ರುದ್ರೇಶ ಕಾದ ಎಣ್ಣೆಗೆ ಇಪ್ಪತ್ತು ಮೆಣಸಿನಕಾಯಿ ಸುರಿದ. ಸ್ಮೋಕ್ ಅಲಾರ್ಮ್ ಕಿರುಚಿತು, ಮಗು ಅದಕ್ಕಿಂತ ಜೋರಾಗಿ ಕಿರುಚಿತು. ಎರಡೇ ನಿಮಿಷದಲ್ಲಿ ಗಾಡಿ ಬೀದಿಯ ತುದಿಯಲ್ಲಿತ್ತು. ರುದ್ರೇಶ ಹಿತ್ತಲ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ. ಗೆದ್ದವನ ಲಕ್ಷಣ ಒಂದೂ ಅವನಲ್ಲಿರಲಿಲ್ಲ.

ಎರಡನೆಯವರು ವೆಂಬ್ಲಿಯಿಂದ ಬಂದ ಗುಜರಾತಿ ಹಿರಿಯರು. ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, “ಇಂಗು ಸ್ವಲ್ಪ ಕಮ್ಮಿಯಾಯ್ತು,” ಎಂದರು. ಅವರು ಆರಾಮವಾಗಿ ಮೆಟ್ಟಿಲು ಹತ್ತಿದರು, ಕಪಾಟು ತೆಗೆದು ನೋಡಿದರು, ಸೋಫಾ ಎಲ್ಲಿಡುವುದೆಂದು ಕೈಯಳತೆಯಲ್ಲೇ ಲೆಕ್ಕ ಹಾಕಿದರು.

ವಾಸು ಬಿಡುವರೇ? ಫೋನಿನಲ್ಲಿ ದಿಕ್ಸೂಚಿ ತೆರೆದು ಅವರ ಮೂಗಿನ ಮುಂದೆ ಹಿಡಿದು ಹಿಂದಿಯಲ್ಲಿ ಶುರುಮಾಡಿದರು: “ಬಾಗಿಲು ದಕ್ಷಿಣಕ್ಕೆ, ಅಡುಗೆಮನೆ ಈಶಾನ್ಯಕ್ಕೆ. ಈ ಮನೆಯಲ್ಲಿದ್ದವರು ಯಾರೂ ಉದ್ಧಾರವಾಗಿಲ್ಲ ಸಾಹೇಬರೇ. ಬೇಕಾದರೆ ಇವರನ್ನೇ ನೋಡಿ!”

ಹಿರಿಯರು ರುದ್ರೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೆಂಡದಂಥ ಕಣ್ಣು, ಸುರಿಯುವ ಮೂಗು, ಎಣ್ಣೆ ಸಿಡಿದ ಬನಿಯನ್ನು. ನಮಸ್ಕಾರ ಹೇಳಿ ಹೊರಟುಬಿಟ್ಟರು. ಅವಮಾನವಾದರೂ ರುದ್ರೇಶನಿಗೆ ಉಸಿರು ಬಂದಂತಾಯಿತು.

ಮೂರನೆಯ ಪಾರ್ಟಿ ಬರಲೇ ಇಲ್ಲ. ಅವನು ದುಬೈಯಲ್ಲಿದ್ದ, ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಲು ಜೇಸನ್ ಒಬ್ಬನೇ ಬಂದ. ಫೋನಿನೊಳಗೆ ಘಾಟು ಹೋಗುವುದಿಲ್ಲವೆಂಬುದು ವಾಸುಗೂ ಹೊಳೆದಿರಲಿಲ್ಲ.

“ಏನ್ ಮಾಡೂದ್ರಿ ಈಗ?” ಎಂದ ರುದ್ರೇಶ.

“ತೋರ್ಸೋನು ಇಲ್ಲೇ ಇದಾನಲ್ರೀ! ಪೂರ್ತಿ ಪ್ಯಾಕೆಟ್ ಹಾಕಿ.”

ಹಾಕಿದ. ಜೇಸನ್ “ವಿಶಾಲವಾದ ಅಡುಗೆಮನೆ” ಎನ್ನಲು ಬಾಯಿ ತೆರೆದವನು ಆ ಬಾಯನ್ನು ಮತ್ತೆ ಮುಚ್ಚಲಾಗದೆ ಕೆಮ್ಮಿದ, ಬಗ್ಗಿದ, ಫೋನು ಕೈಜಾರಿ ದೋಸೆಗೆ ನೆನೆಹಾಕಿದ್ದ ಪಾತ್ರೆಗೆ ಬಿತ್ತು. ದುಬೈಯವನಿಗೆ ಕೊನೆಗೆ ಕಂಡದ್ದು ನೀರಿನಡಿಯ ಉದ್ದಿನಬೇಳೆ.

“ನಿಮ್ಮ ಓನರ್ ಇವತ್ತು ನಮ್ಮ ಆಫೀಸಿನಲ್ಲೇ ಕೂತಿದ್ದಾರೆ. ಈಗಲೇ ಹೋಗಿ ಎಲ್ಲ ಹೇಳ್ತೀನಿ,” ಎಂದು ಕಣ್ಣೊರೆಸಿಕೊಳ್ಳುತ್ತ ಅವನು ಹೊರಟ.

ಚಂದ್ರಿಕಾ ಒಲೆ ಆರಿಸಿದಳು. “ಇನ್ನ ಆ ಓನರ್ ಮುದುಕಿನೂ ಬರ್ತಾಳ. ಉಗಿಸ್ಕೋರಿ.”

ಮುಕ್ಕಾಲು ಗಂಟೆಗೆ ಟ್ಯಾಕ್ಸಿ ಬಂತು. ಮನೆಯ ಓನರ್, ಎಪ್ಪತ್ತೆಂಟರ ಡೋರೀನ್ ಊರುಗೋಲು ಊರುತ್ತ ಇಳಿದರು. “ಬಂದ್ಲು! ನಮ್ಮ ಘಾಟು ತಡೀಲಾರ್ದೆ ಕ್ಲಾಕ್ಟನ್ ಸಮುದ್ರದ ದಂಡೆಗೆ ಓಡಿಹೋದೋಳು,” ಎಂದು ಪಿಸುಗುಟ್ಟಿ ವಾಸು ಹಿಂಬಾಗಿಲಿನಿಂದ ಜಾರಿಕೊಂಡರು.

ಡೋರೀನ್ ನಡುಮನೆಯಲ್ಲಿ ನಿಂತರು. ಕೆಮ್ಮಿದರು. ಕಣ್ಣಲ್ಲಿ ನೀರು ತುಂಬಿತು. ಕ್ಷಮೆ ಕೇಳಲು ಹೊರಟ ರುದ್ರೇಶನನ್ನು ಕೈಯೆತ್ತಿ ತಡೆದರು.

“ಇದೇ ವಾಸನೆ,” ಎಂದರು. “ನಾನಿಲ್ಲಿದ್ದಾಗ ಪಕ್ಕದ ಮನೆ ವಾಸುವಿನ ಹೆಂಡತಿ ಭಾನುವಾರ ಭಾನುವಾರ ಹೀಗೇ ಹುರೀತಿದ್ದಳು. ನಾನು ಧಡಾರಂತ ಕಿಟಕಿ ಮುಚ್ತಿದ್ದೆ. ಸಂಜೆ ಅವಳು ಒಂದು ಬಟ್ಟಲು ಹಿಡ್ಕೊಂಡು ಬಾಗಿಲು ತಟ್ಟುತ್ತಿದ್ದಳು. ಮಂಡಿನೋವಿಗೆ ಸಮುದ್ರದ ಗಾಳಿ ಒಳ್ಳೇದು ಅಂತ ಕ್ಲಾಕ್ಟನ್‌ಗೆ ಹೋದೆ. ಹನ್ನೊಂದು ವರ್ಷ. ಅಲ್ಲಿ ಕಿಟಕಿ ಮುಚ್ಚೋಕೆ ಕಾರಣವೇ ಇಲ್ಲ, ಬಾಗಿಲು ತಟ್ಟೋರೂ ಇಲ್ಲ.”

ಚಂದ್ರಿಕಾ ಸೆರಗಿನಿಂದ ಮೂಗೊರೆಸಿಕೊಂಡು ಕುರ್ಚಿ ಎಳೆದು ಕೂರಿಸಿದಳು.

“ಜೇಸನ್‌ಗೆ ಫೋನ್ ಮಾಡ್ತೀನಿ,” ಎಂದರು ಡೋರೀನ್. “ಈ ಮನೆ ಮಾರೋದಿಲ್ಲ.”

ಮೆಟ್ಟಿಲ ಮೇಲಿಂದ ಕೇಳಿಸಿಕೊಂಡ ತನ್ಮಯಿ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಳು. ರುದ್ರೇಶ ಆಗಲೇ ಕಾಲಿಗೆ ಬೀಳಲು ಅರ್ಧ ಬಗ್ಗಿದ್ದ. ಹುರಿದ ಮೆಣಸಿನಕಾಯಿ ವ್ಯರ್ಥವಾಗಬಾರದೆಂದು ಚಂದ್ರಿಕಾ ನಾಲ್ಕು ಕಾಯಿ ಹಾಕಿ ಅವಲಕ್ಕಿ ಕಲಸಿ ಕೊಟ್ಟಳು. ಡೋರೀನ್ ಕೆಮ್ಮುತ್ತ, ನಗುತ್ತ ತಟ್ಟೆ ಖಾಲಿ ಮಾಡಿದರು.

“ನಾನೇ ವಾಪಸ್ ಬಂದು ಇಲ್ಲಿರ್ತೀನಿ,” ಎಂದರು ಬೆರಳು ಚೀಪುತ್ತ. “ಗಾಬರಿ ಬೇಡ, ಕಾಯಿದೆ ಪ್ರಕಾರ ಎಷ್ಟು ದಿನದ ನೋಟಿಸ್ ಕೊಡಬೇಕೋ ಅಷ್ಟೂ ಕೊಡ್ತೀನಿ. ಆದರೆ ಮನೆ ಬಿಡೋ ಮುಂಚೆ ಚಂದ್ರಿಕಾ ಇದನ್ನ ಮಾಡೋದು ನನಗೆ ಕಲಿಸಿಕೊಡಬೇಕು.”

ರುದ್ರೇಶನ ಕಣ್ಣಲ್ಲಿ ಮತ್ತೆ ನೀರು ಬಂತು. ಒಲೆ ಆರಿಸಿ ಆಗಲೇ ಗಂಟೆಯ ಮೇಲಾಗಿತ್ತು.